ಹೆವಿ ಮೆಟಲ್ ಸಂಗೀತದಲ್ಲಿ ಪೇಟಿಯ ಸ್ಥಾನ

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಸೂಚನಾ ಫಲಕದಲ್ಲಿ ಓದಿ ಹಲವರು ನಕ್ಕುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಳೆದ ತಿಂಗಳು ಕುಮಾರವ್ಯಾಸ, ಈ ತಿಂಗಳು ಹೆವಿ ಮೆಟಲ್ಲು! ಹಿರಿಯರೊಬ್ಬರಂತೂ, "ಏನಪ್ಪಾ, ಹಗಲೆಲ್ಲ ಗಿರಣಿಯ ಸದ್ದು ಸಾಲದೆಂದು ಸಂಜೆಗೆ ಇಲ್ಲಿಗೂ ತರುತ್ತೀಯಾ?" ಎಂದು ಕೇಳಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ. ನಾವು ಸಂಗೀತಶಾಸ್ತ್ರ ಓದಿದವರಲ್ಲ, ಮೆಟ್ರಿಕ್ ಮುಗಿಸಿ ಲೆಕ್ಕದ ಪುಸ್ತಕ ಹಿಡಿದವರು. ತಪ್ಪಿದ್ದರೆ ತಿದ್ದಬೇಕು.

ವಿಷಯ ಹುಟ್ಟಿದ ಬಗೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಸಂಜೆ ಪತ್ರಿಕೆ ಓದಲು ಬರುವ ಹುಡುಗನೊಬ್ಬನಿದ್ದಾನೆ, ಹೆಸರು ಬೇಡ. ಅವನ ತಾತನವರು ಊರಿನಲ್ಲಿ ನಾಟಕಗಳಿಗೆ ಪೇಟಿ ನುಡಿಸುತ್ತಿದ್ದವರು. ಮೊಮ್ಮಗ ಕೀಬೋರ್ಡ್ ನುಡಿಸುತ್ತಾನೆ. ಗೆಳೆಯರೊಡನೆ ಕೂಡಿ ಹೆವಿ ಮೆಟಲ್ ತಂಡ ಕಟ್ಟಿದ್ದ. ಎರಡು ವರ್ಷ ಕಳೆದ ಮೇಲೆ ಗೆಳೆಯರು, "ಮೆಟಲ್ಲಿಗೆ ಗಿಟಾರು ಸಾಕು, ಪೇಟಿಯಿಂದ ಸಂಗೀತ ಮೆತ್ತಗಾಗುತ್ತದೆ, ನೀನು ಬೇಡ" ಎಂದು ಅವನನ್ನು ಬಿಟ್ಟುಬಿಟ್ಟರು. ಒಂದೇ ಕೋಣೆಯ ಮನೆ. ರಾತ್ರಿ ಪಾಳಿಯ ತಂದೆ ಸಂಜೆಯವರೆಗೆ ಮಲಗಿರುತ್ತಾರೆ. ಹೆಡ್‌ಫೋನ್ ಹಾಕಿದರೆ ಸದ್ದೇನೋ ಹೊರಗೆ ಬಾರದು, ಆದರೆ ವಾದ್ಯವನ್ನು ಹರಡಲು ಜಾಗ ಬೇಕಲ್ಲ? ಹಳೆಯ ಪತ್ರಿಕೆ ಕಟ್ಟಿಡುವ ನಮ್ಮ ಹಿಂದಿನ ಕೋಣೆಯನ್ನು ವಾರಕ್ಕೆ ಎರಡು ಸಂಜೆ ಕೊಡುವಿರಾ ಅಣ್ಣಾ, ಎಂದು ಕೇಳಿದ. ಸಮಿತಿಯಲ್ಲಿ ಈ ಮಾತು ಬಂದಾಗ, ಆ ಗದ್ದಲಕ್ಕೂ ಕನ್ನಡ ಸಂಘಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಎದ್ದಿತು. ಅತ್ತ ಗೆಳೆಯರು ಪೇಟಿ ಎಂದು ಬಿಟ್ಟರು, ಇತ್ತ ನಾವು ಗದ್ದಲ ಎಂದು ಬಿಡುತ್ತಿದ್ದೇವೆ. ಉತ್ತರ ಹುಡುಕೋಣವೆಂದು ನಾವು ಮೂರು ತಿಂಗಳು ಓದಿದೆವು, ಕೇಳಿದೆವು.

ಪೇಟಿಗೆ ಬಹಿಷ್ಕಾರ ಹೊಸದಲ್ಲ. 1940ರಲ್ಲಿ, ಲಯೊನೆಲ್ ಫೀಲ್ಡನ್ ಎಂಬ ಆಂಗ್ಲ ಅಧಿಕಾರಿಯ ಕಾಲದಲ್ಲಿ, ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ರವೀಂದ್ರನಾಥ ಠಾಕೂರರಿಗೂ ಆ ವಾದ್ಯ ಸೇರುತ್ತಿರಲಿಲ್ಲ. ಅದರ ಮನೆಗಳು ಕಟ್ಟಿಟ್ಟ ಮನೆಗಳು, ಒಂದರಿಂದ ಇನ್ನೊಂದಕ್ಕೆ ಜಾರಲು ಬಾರದು, ಗಮಕವಿಲ್ಲ, ಮೀಂಡ್ ಇಲ್ಲ, ಶ್ರುತಿಯೂ ನಮ್ಮದಲ್ಲ ಎಂಬುದು ಆಕ್ಷೇಪಣೆ. ಅದು ಸುಳ್ಳಲ್ಲ. ಆದರೂ 1971ರಲ್ಲಿ ನಿಷೇಧ ಸಡಿಲಗೊಂಡಿತು. ಆ ಮೂವತ್ತೊಂದು ವರ್ಷವೂ ನಮ್ಮ ಕಂಪನಿ ನಾಟಕಗಳಲ್ಲಿ ಕಾಲುಪೇಟಿ ನಿಲ್ಲಲಿಲ್ಲ. ಬೆಳಗಾವಿಯ ಆರ್. ಕೆ. ಬಿಜಾಪುರೆಯವರಂಥವರು ಅದೇ ಪೇಟಿಯಿಂದ ದೊಡ್ಡ ದೊಡ್ಡ ಗವಾಯಿಗಳಿಗೆ ಜೊತೆ ಕೊಟ್ಟರು. ಒಳ್ಳೆಯ ಕೈಗೆ ಬಾಗಿಲು ಮುಚ್ಚಿದ್ದು ಬಾನುಲಿಯದು ಮಾತ್ರ.

ಇನ್ನು ಇಂಗ್ಲೆಂಡಿಗೆ ಹೋಗೋಣ. ಹೆವಿ ಮೆಟಲ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ ಎಂದರೆ ಹೆಚ್ಚು ತಪ್ಪಾಗದು. ಟೋನಿ ಐಯೋಮಿ ಎಂಬ ಹದಿನೇಳರ ಹುಡುಗ ಅಲ್ಲಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. 1965ರಲ್ಲಿ, ಕೆಲಸ ಬಿಡುವ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿಗಳು ಹೋದವು. ಅವನು ಎಡಗೈಯಿಂದ ಮೀಟುವವನಾದುದರಿಂದ ತಂತಿ ಒತ್ತುವ ಕೈಯೇ ಬಲಗೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ತೆಳು ತಂತಿ ಹಾಕಿ ಮತ್ತೆ ನುಡಿಸಿದ. ಅವನ ತಂಡವಾದ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಬಂದುದು 1970ರ ಫೆಬ್ರವರಿಯಲ್ಲಿ. ಸಾಂಚಾ ಖಾತೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತವರಿಗೆ ಆ ಸಂಗೀತ ಅಪರಿಚಿತವೆನಿಸದು. ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದುದು ಇದಕ್ಕೇ.

ಅದೇ ವರ್ಷ ಡೀಪ್ ಪರ್ಪಲ್ ಎಂಬ ಇನ್ನೊಂದು ತಂಡದ 'ಇನ್ ರಾಕ್' ಬಂದಿತು. ಅದು ಮೆಟಲ್ಲೋ ಬರಿಯ ಹಾರ್ಡ್ ರಾಕೋ ಎಂದು ಹುಡುಗರು ಇಂದಿಗೂ ಕಾದಾಡುತ್ತಾರೆ. ನಮಗೆ ಆ ಜಗಳ ಬೇಡ. ಅದರ ಪೇಟಿಗಾರ ಜಾನ್ ಲಾರ್ಡ್, 1941ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡವನು. ಅವನು ನುಡಿಸುತ್ತಿದ್ದುದು ಹ್ಯಾಮಂಡ್ ಆರ್ಗನ್. ಈ ಯಂತ್ರದ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ಗಿರಣಿಯವರಿಗೆ ಅದು ಥಟ್ಟನೆ ಅರ್ಥವಾಗುತ್ತದೆ. ಲಾರೆನ್ಸ್ ಹ್ಯಾಮಂಡ್ ಎಂಬ ಅಮೆರಿಕದ ಯಂತ್ರಜ್ಞ 1935ರಲ್ಲಿ ಅದನ್ನು ಮಾರಾಟಕ್ಕೆ ತಂದ. ಅದರಲ್ಲಿ ತಿದಿಯಿಲ್ಲ, ರೀಡಿಲ್ಲ, ಗಾಳಿಯೇ ಇಲ್ಲ. ಒಳಗೆ ಒಂದು ಮೋಟಾರು, ಅದಕ್ಕೆ ಸೇರಿದಂತೆ ಸಾಲು ಸಾಲು ಪುಟ್ಟ ಉಕ್ಕಿನ ಹಲ್ಲುಚಕ್ರಗಳು. ಮುಖ್ಯ ಮಾದರಿಗಳಲ್ಲಿ 91. ಪ್ರತಿ ಚಕ್ರದ ಎದುರು ತಂತಿ ಸುತ್ತಿದ ಅಯಸ್ಕಾಂತ. ಹಲ್ಲು ಹಾದಾಗಲೆಲ್ಲ ತಂತಿಯಲ್ಲಿ ಸಣ್ಣ ವಿದ್ಯುತ್ತು ಮಿಡಿಯುತ್ತದೆ. ಸೆಕೆಂಡಿಗೆ ಎಷ್ಟು ಹಲ್ಲು ಹಾದವೋ ಅಷ್ಟು ಕಂಪನದ ಸ್ವರ. ಪೈಪ್ ಆರ್ಗನ್ನಿಗೆ ಹಣವಿಲ್ಲದ ಇಗರ್ಜಿಗಳು ಕೊಂಡು ಭಜನೆಗಿಟ್ಟುಕೊಂಡ ಸಾಧು ಯಂತ್ರವದು.

ಜಾನ್ ಲಾರ್ಡ್ ಮಾಡಿದ್ದೇನೆಂದರೆ, ಆ ಸಾಧು ಯಂತ್ರದ ಸದ್ದನ್ನು ಗಿಟಾರಿಗೆಂದು ಮಾಡಿದ ಮಾರ್ಷಲ್ ಆಂಪ್ಲಿಫೈಯರಿಗೆ ಹಾಯಿಸಿದ. ಆರ್ಗನ್ ಗುರುಗುಟ್ಟಿತು! ಗಿಟಾರಿನ ರಿಚೀ ಬ್ಲ್ಯಾಕ್‌ಮೋರ್‌ನೊಡನೆ ಅವನು ಎದುರೆದುರು ನಿಂತು, ನಮ್ಮಲ್ಲಿ ಜುಗಲ್‌ಬಂದಿ ಎನ್ನುವಂತೆ, ಸವಾಲು ಜವಾಬು ನಡೆಸಿದ. 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಯಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದವನ್ನೂ ತನ್ನ ತಂಡವನ್ನೂ ಒಂದೇ ವೇದಿಕೆಗೆ ತಂದು ತಾನೇ ರಚಿಸಿದ ಕೃತಿಯನ್ನು ನುಡಿಸಿದವನೂ ಇವನೇ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂತ್ರೋ ಪಟ್ಟಣದ ಕ್ಯಾಸಿನೋ, ಇನ್ನೊಂದು ತಂಡದ ಕಚೇರಿ ನಡೆಯುತ್ತಿರುವಾಗ ಯಾರೋ ಹಾರಿಸಿದ ಬಾಣದಿಂದ ಹೊತ್ತಿ ಸುಟ್ಟುಹೋಯಿತು. ಅಲ್ಲಿ ಧ್ವನಿಮುದ್ರಣಕ್ಕೆಂದು ಬಂದಿದ್ದ ಡೀಪ್ ಪರ್ಪಲ್‌ನವರು ಆ ಬೆಂಕಿಯ ಮೇಲೆ ಕಟ್ಟಿದ 'ಸ್ಮೋಕ್ ಆನ್ ದ ವಾಟರ್' ಹಾಡಿನ ಮೊದಲ ಪಲುಕು ಇಂದು ಗಿಟಾರು ಹಿಡಿದ ಪ್ರತಿ ಹುಡುಗನಿಗೂ ಬಾಯಿಪಾಠ. ಎರಡನೆಯ ಸಲ ಆ ಪಲುಕು ಬರುವಾಗ ಗಮನವಿಟ್ಟು ಕೇಳಿರಿ. ಗಿಟಾರಿನ ಜೊತೆಗೆ ಆರ್ಗನ್ ಸೇರಿಕೊಂಡಿರುತ್ತದೆ. ಬಹುಮಂದಿ ಎಲ್ಲವನ್ನೂ ಗಿಟಾರೆಂದೇ ತಿಳಿದಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು.

ಹಾಗಿದ್ದರೆ 'ಮೆತ್ತಗಾಗುತ್ತದೆ' ಎಂಬ ದೂರು ಏಕೆ? ಇಲ್ಲಿ ಸ್ವಲ್ಪ ಲೆಕ್ಕವಿದೆ, ಬೇಸರಿಸಬಾರದು. ಗಿಟಾರಿನ ಸದ್ದನ್ನು ಆಂಪ್ಲಿಫೈಯರು ತಾಳಲಾರದಷ್ಟು ಏರಿಸಿದರೆ ಅಲೆಯ ನೆತ್ತಿ ಕತ್ತರಿಸಿದಂತಾಗಿ ಸದ್ದು ಒರಟಾಗುತ್ತದೆ. ಇದಕ್ಕೆ ಡಿಸ್ಟಾರ್ಷನ್ ಎಂದು ಹೆಸರು. ಎರಡು ಸ್ವರಗಳನ್ನು ಒಟ್ಟಿಗೆ ಹೀಗೆ ಹಾಯಿಸಿದರೆ ಅವುಗಳ ಮೊತ್ತದ ಸ್ವರವೂ ವ್ಯತ್ಯಾಸದ ಸ್ವರವೂ ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಷಡ್ಜ 200 ಕಂಪನ, ಪಂಚಮ 300 ಎಂದಿಟ್ಟುಕೊಳ್ಳಿ. ವ್ಯತ್ಯಾಸ 100, ಮೊತ್ತ 500. ಎಲ್ಲವೂ ನೂರರ ಮಗ್ಗಿಯವೇ, ಒಂದೇ ಮನೆತನ. ಪಂಚಮದ ಬದಲು ಪೇಟಿಯ ಗಾಂಧಾರ ಹಿಡಿದರೆ ಅದು ಸುಮಾರು 252. ವ್ಯತ್ಯಾಸ 52, ಮೊತ್ತ 452. ಇವು ಕರೆಯದೆ ಬಂದ ನೆಂಟರು, ಪಂಕ್ತಿಯಲ್ಲಿ ಕೂತು ಜಗಳವಾಡುತ್ತವೆ. ಆದುದರಿಂದಲೇ ಮೆಟಲ್ ಗಿಟಾರಿನವರು ಹೆಚ್ಚಾಗಿ ಗಾಂಧಾರ ಬಿಟ್ಟು ಷಡ್ಜ-ಪಂಚಮವನ್ನೇ ಹಿಡಿಯುತ್ತಾರೆ. ನಮ್ಮ ತಂಬೂರಿಯೂ ಷಡ್ಜ-ಪಂಚಮವನ್ನೇ ಮೀಟುತ್ತದೆಂಬುದು ಇಲ್ಲಿ ಕುಳಿತವರಿಗೆ ತಿಳಿದುದೇ ಸರಿಯಷ್ಟೆ. ಕಾರಣಗಳು ಬೇರೆ ಇರಬಹುದು, ನಂಟು ಒಂದೇ.

ಕೀಬೋರ್ಡಿನ ಕೆಲಸ ಇಲ್ಲಿಯೇ ಇದೆ. ಅದರ ಸದ್ದು ಬೇರೆ ದಾರಿಯಲ್ಲಿ, ಕೆಡದೆ ಬರುತ್ತದಾದುದರಿಂದ, ಗಿಟಾರು ಬಿಟ್ಟ ಗಾಂಧಾರವನ್ನು ಅದು ಮೇಲಿನ ಸ್ಥಾಯಿಯಲ್ಲಿ ಇಡಬಲ್ಲದು. ಹಾಡು ಶೋಕದ್ದೋ ಉತ್ಸಾಹದ್ದೋ ಎಂಬುದು ಆ ಒಂದು ಸ್ವರದಿಂದ ತಿಳಿಯುತ್ತದೆ. ಆದರೆ ಪೇಟಿಯವನು ಗಿಟಾರು ತುಂಬಿರುವ ನಡು ಸ್ಥಾಯಿಗೇ ಎರಡೂ ಕೈ ಹಾಕಿದರೆ ಗಿಟಾರೂ ಕೇಳದು, ಪೇಟಿಯೂ ಕೇಳದು, ಎಲ್ಲ ರಾಡಿ. ನಮ್ಮ ಹುಡುಗನ ಹಳೆಯ ಧ್ವನಿಮುದ್ರಿಕೆ ಕೇಳಿದೆವು. ನಿಜ ಹೇಳಬೇಕೆಂದರೆ ಅವನ ಎಡಗೈ ಗಿಟಾರಿನ ಜಾಗದಲ್ಲೇ ಓಡಾಡುತ್ತಿತ್ತು. ಹೇಳಿದೆವು. ಮುಖ ಸಣ್ಣದು ಮಾಡಿಕೊಂಡ, ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು, "ಹೌದಣ್ಣಾ, ತಾತನೂ ಎಡಗೈ ತಿದಿಗೆ ಇಡು ಅಂತಿದ್ದರು" ಎಂದ. ಅವನ ಗೆಳೆಯರ ದೂರಿನಲ್ಲಿಯೂ ಅರ್ಧ ಸತ್ಯವಿತ್ತು. ತಿದ್ದಿ ಹೇಳುವುದನ್ನು ಬಿಟ್ಟು ಆಳನ್ನೇ ಬಿಟ್ಟರು, ಅದು ನಮಗೆ ಸರಿ ಕಾಣಲಿಲ್ಲ.

ಸಿಂಥಸೈಜರಿನ ಮೇಲೆ ಬೇರೆ ಮುನಿಸಿತ್ತು. ರಾಬರ್ಟ್ ಮೂಗ್ ಎಂಬವರು 1964ರಿಂದ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಈ ಯಂತ್ರವನ್ನು ಬೆಳೆಸಿದರು. 1970ರಲ್ಲಿ ಹೊತ್ತೊಯ್ಯಬಲ್ಲ ಮಿನಿಮೂಗ್ ಬಂದಿತು. ಅದರ ಎಡಬದಿಗೆ ಒಂದು ಗಾಲಿ; ಬೆರಳಿನಿಂದ ಉರುಳಿಸಿದರೆ ಸ್ವರ ಜಾರುತ್ತದೆ! 1940ರಲ್ಲಿ ಪೇಟಿಯ ಮೇಲೆ ಹೊರಿಸಿದ ಮುಖ್ಯ ಅಪರಾಧಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಆದರೂ ಗಿಟಾರಿನವರು ಒಪ್ಪಲಿಲ್ಲ. ಕ್ವೀನ್ ಎಂಬ ತಂಡದವರು 1970ರ ದಶಕದಲ್ಲಿ ತಮ್ಮ ರೆಕಾರ್ಡಿನ ಹೊದಿಕೆಯ ಮೇಲೆ ಸಿಂಥಸೈಜರ್ ಬಳಸಿಲ್ಲವೆಂದೇ ಅಚ್ಚು ಹಾಕಿಸುತ್ತಿದ್ದರು, ವನಸ್ಪತಿ ಬೆರೆಸಿಲ್ಲವೆಂದು ಖಾನಾವಳಿಯವರು ಬೋರ್ಡು ಬರೆಸುವಂತೆ. 1980ರಲ್ಲಿ ತಾವೇ ಬಳಸಿದರು. ಗಿಟಾರಿಗೆ ಹೆಸರಾದ ಎಡ್ಡಿ ವ್ಯಾನ್ ಹೇಲನ್ ಚಿಕ್ಕಂದಿನಲ್ಲಿ ಪಿಯಾನೋ ಕಲಿತವನು. ಅವನೇ ಓಬರ್‌ಹೈಮ್ ಸಿಂಥಸೈಜರಿನಲ್ಲಿ 'ಜಂಪ್' ನುಡಿಸಿ 1984ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಒಯ್ದ. ಆ ತಂಡಕ್ಕೆ ಆ ಪಟ್ಟಿಯಲ್ಲಿ ದೊರೆತ ಮೊದಲ ಸ್ಥಾನ ಅದೊಂದೇ.

ನಮ್ಮ ಮನಸ್ಸಿಗೆ ನಾಟಿದ ಸಂಗತಿ ಬೇರೊಂದಿದೆ. ಬ್ಲ್ಯಾಕ್ ಸಬ್ಬತ್‌ನ 1973ರ ಆಲ್ಬಮ್ಮಿನಲ್ಲಿ ರಿಕ್ ವೇಕ್‌ಮನ್ ಎಂಬ ದೊಡ್ಡ ವಾದಕ ಒಂದು ಹಾಡಿಗೆ ನುಡಿಸಿದ. ಸಂಭಾವನೆಯಾಗಿ ಬಿಯರು ಪಡೆದನೆಂದು ಕಥೆ. ಅನಂತರ 1979ರಲ್ಲಿ ಜೆಫ್ ನಿಕಲ್ಸ್ ಎಂಬವನು ಆ ತಂಡಕ್ಕೆ ಬಂದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಕೀಬೋರ್ಡ್ ನುಡಿಸಿದ. ಆದರೆ ಎಲ್ಲಿ ನಿಂತು? ಬಹುಮಟ್ಟಿಗೆ ವೇದಿಕೆಯ ಪಕ್ಕದಲ್ಲಿ, ತೆರೆಯ ಮರೆಯಲ್ಲಿ. ಸಾವಿರಾರು ಜನ ಕೇಳಿದರು, ಕಂಡವರು ಕಡಿಮೆ. 2017ರಲ್ಲಿ ತೀರಿಕೊಂಡ. ಅವನ ತರುವಾಯ ಆ ಮರೆಯ ಜಾಗಕ್ಕೆ ಬಂದವನು ರಿಕ್ ವೇಕ್‌ಮನ್ನನ ಮಗ ಆಡಂ! ನಮ್ಮ ಕಂಪನಿ ನಾಟಕಗಳಲ್ಲಿ ಕಾಲುಪೇಟಿಯ ಮಾಸ್ತರರು ರಂಗದ ಮುಂದೆಯೇ, ಎಲ್ಲರ ಕಣ್ಣೆದುರಿಗೆ ಕೂರುತ್ತಿದ್ದರು. ಅವರ ಕಾಲು ಆಡದೆ ನಾಂದಿ ಇಲ್ಲ. ಈ ಒಂದು ಮಾತಿನಲ್ಲಿ ನಮ್ಮವರು ವಾಸಿ.

2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡ ನುಡಿಸಿದಾಗ ಪರಊರುಗಳ ಕನ್ನಡ ಹುಡುಗರೂ ರೈಲು ಹತ್ತಿ ಹೋಗಿದ್ದರು. ಅವರಲ್ಲಿ ನಾವೂ ಇದ್ದೆವು. ಆ ತಂಡಕ್ಕೆ ಬಹುಕಾಲ ಕೀಬೋರ್ಡ್ ನುಡಿಸಿದವನು ಮೈಕೆಲ್ ಕೆನ್ನಿ. ಅವನ ಮುಖ್ಯ ಉದ್ಯೋಗ ಬಾಸ್ ಗಿಟಾರುಗಳ ಮೇಲ್ವಿಚಾರಣೆ. ಅಂದು ಕೆಲವು ಹಾಡುಗಳ ಹಿಂದೆ ಪಿಟೀಲುಗಳಂಥ ನಾದ ಕೇಳಿ ಮೈ ಜುಮ್ಮೆಂದಿತು. ಯಾರು ನುಡಿಸುತ್ತಿದ್ದಾರೆಂದು ತಿರುಗಿ ನೋಡುವುದೂ ನಮಗೆ ಹೊಳೆಯಲಿಲ್ಲ.

ತೆರೆಯ ಮುಂದೆ ಬಂದವರೂ ಇದ್ದಾರೆ. 1980ರಲ್ಲಿ ಓಜಿ ಆಸ್‌ಬರ್ನ್‌ನ 'ಮಿಸ್ಟರ್ ಕ್ರೌಲಿ' ಹಾಡಿಗೆ ಇಗರ್ಜಿಯ ಗಾಂಭೀರ್ಯದ ಪೀಠಿಕೆ ನುಡಿಸಿದ ಡಾನ್ ಏರಿ, ಜಾನ್ ಲಾರ್ಡ್ ನಿವೃತ್ತನಾದಾಗ, 2002ರಲ್ಲಿ ಅವನ ಪೀಠಕ್ಕೇ ಬಂದ. 1999ರಲ್ಲಿ ಡ್ರೀಮ್ ಥಿಯೇಟರ್ ಸೇರಿದ ಜಾರ್ಡನ್ ರೂಡೆಸ್ ಒಂಬತ್ತನೆಯ ವಯಸ್ಸಿಗೇ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಗೆ ಪಿಯಾನೋ ಕಲಿಯಲು ಸೇರಿದವನು. ಫಿನ್ಲೆಂಡಿನ ಕಿಟೆ ಎಂಬ ಸಣ್ಣ ಊರಿನ ಟುವೊಮಾಸ್ ಹೋಲೊಪೈನೆನ್ 1996ರಲ್ಲಿ ನೈಟ್‌ವಿಶ್ ತಂಡವನ್ನು ಕಟ್ಟಿದ. ಅಲ್ಲಿ ಪೇಟಿಯವನೇ ಯಜಮಾನ, ಹಾಡು ಬರೆಯುವವನೂ ಹೆಚ್ಚಾಗಿ ಅವನೇ. ನಾರ್ವೆಯ ಎಂಪರರ್ ಎಂಬ ಅತಿ ಒರಟು ತಂಡದ 1994ರ ಆಲ್ಬಮ್ಮಿನಲ್ಲಿ ಕೀಬೋರ್ಡು ಮಂಜಿನಂತೆ ಹಬ್ಬಿಕೊಂಡಿರುತ್ತದೆ. ಅದನ್ನು ಮೆತ್ತಗೆ ಎನ್ನುವವರು ಒಮ್ಮೆ ರಾತ್ರಿ ಒಬ್ಬರೇ ಕೇಳಬೇಕು. ನಮಗೆ ಎರಡನೆಯ ಸಲ ಕೇಳುವ ಧೈರ್ಯವಾಗಲಿಲ್ಲ.

ಸಮಿತಿಯವರಲ್ಲಿ ಬಿನ್ನಹ ಇಷ್ಟು. ಮಂಗಳವಾರ ಮತ್ತು ಶುಕ್ರವಾರ, ಸಂಜೆ ಆರರಿಂದ ಎಂಟರವರೆಗೆ, ಹಿಂದಿನ ಕೋಣೆ. ಹೆಡ್‌ಫೋನ್ ಕಡ್ಡಾಯ. ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಕಪಾಟಿನ ಮೇಲಕ್ಕೆ ಏರಿಸುವ ಕೆಲಸ ನಮ್ಮದು. ವಿದ್ಯುತ್ತಿನ ಖರ್ಚನ್ನು ನಾವೂ ಇನ್ನಿಬ್ಬರು ಸ್ವಯಂಸೇವಕರೂ ಕೊಡುತ್ತೇವೆ. ಬದಲಿಗೆ ಹುಡುಗ ಭಾನುವಾರ ಬೆಳಗ್ಗೆ ಮಕ್ಕಳಿಗೆ ಪೇಟಿಯ ಮೊದಲ ಪಾಠ ಹೇಳಿಕೊಡುತ್ತೇನೆಂದು ಒಪ್ಪಿದ್ದಾನೆ. ನಿರ್ಣಯ ಮುಂದಿನ ಸಭೆಗೆ ಬರುತ್ತದೆ.

ಈಗ ಅವನು ನುಡಿಸುತ್ತಾನೆ. ಮೊದಲು ತಾತನ ಪೇಟಿಯಲ್ಲಿ ಭೀಮ್‌ಪಲಾಸ್, ಅನಂತರ ಕೀಬೋರ್ಡಿನಲ್ಲಿ ಜಾನ್ ಲಾರ್ಡ್ ರೀತಿಯದು ಐದು ನಿಮಿಷ. ಇದಕ್ಕೆ ಹೆಡ್‌ಫೋನ್ ಇಲ್ಲ. ಎದುರು ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಬೀದಿಯ ಕಡೆಯ ಕಿಟಕಿಗಳ ಹತ್ತಿರ ಕೂತವರು ದಯವಿಟ್ಟು ಅವುಗಳನ್ನು ಮುಚ್ಚಬೇಕು. ಬಾ ತಮ್ಮಾ, ಮುಂದೆ ಬಾ, ಇಲ್ಲಿ ಮೇಜಿನ ಹತ್ತಿರ, ಎಲ್ಲರಿಗೂ ಕಾಣುವಂತೆ ಕೂತುಕೋ.