ಮೈಸೂರಿನ ಹೆಸರು ಹೊತ್ತ ಸೊಳ್ಳೆ



ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾದ ಊರು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಗಾಜಿನ ಕೆಲಸದ ವಿಷಯವನ್ನು ಬರೆದಿಟ್ಟಿದ್ದಾನೆ. ನಾನು ಇಂದು ಹೇಳಹೊರಟಿರುವುದು ಬಳೆಯ ಗಾಜಿನ ಮಾತಲ್ಲ, ಸೂಕ್ಷ್ಮದರ್ಶಕದ ಗಾಜಿನ ಮಾತು. ಮತ್ತೋಡಿನಂಥ ಬಯಲುಸೀಮೆಯ ಊರಿನ ಮನೆಮನೆಯಲ್ಲೂ ಕಾಣುವ ನೀರಿನ ತೊಟ್ಟಿಗೂ, 2022ರಲ್ಲಿ ಆಫ್ರಿಕದ ಒಂದು ಪಟ್ಟಣದಲ್ಲಿ ಜ್ವರ ಬಂದು ಮಲಗಿದ ವಿದ್ಯಾರ್ಥಿಗಳಿಗೂ ಇರುವ ಸಂಬಂಧದ ಮಾತು.

ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಬರದ ಸೀಮೆಗೆ ನೀರು ಬಂತು. ನೀರಿನ ಬೆನ್ನಿಗೇ ಚಳಿಜ್ವರವೂ ಬಂತು. ಕಾಲುವೆಯಿಂದ ಜಿನುಗುವ ನೀರು, ಹುಲ್ಲು ಬೆಳೆದ ಅಂಚು, ಅಲ್ಲಲ್ಲಿ ನಿಂತ ಹೊಂಡ, ಇವೆಲ್ಲ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಗೆ ತವರುಮನೆ. ಮಲೆನಾಡಿನ ಹರಿಯುವ ಹಳ್ಳಗಳಲ್ಲಿ ಹುಟ್ಟುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಬೇರೆ. ಒಂದು ಊರಿನ ಸೊಳ್ಳೆಗೆ ಮಾಡಿದ ಉಪಾಯ ಇನ್ನೊಂದು ಊರಿಗೆ ಸಲ್ಲದು. ಇದನ್ನು ಅರಿತೇ ಅಂದಿನ ಮೈಸೂರು ಸರ್ಕಾರ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಂದಿಗೆ, ಮಲೆನಾಡಿನ ಮೂಡಿಗೆರೆ, ಮೈಸೂರಿನ ಕಡೆಯ ನಾಗೇನಹಳ್ಳಿ, ನಮ್ಮ ಹಿರಿಯೂರು ಹೀಗೆ ಬೇರೆ ಬೇರೆ ಸ್ವಭಾವದ ಸ್ಥಳಗಳನ್ನು ಆರಿಸಿ ಮಲೇರಿಯದ ಅಧ್ಯಯನ ನಡೆಸಿತು. ಮಕ್ಕಳ ಗುಲ್ಮವನ್ನು ಕೈಯಿಂದ ಮುಟ್ಟಿ ನೋಡುವುದು, ಬೆರಳ ತುದಿಯ ರಕ್ತ ತೆಗೆಯುವುದು, ದನದ ಕೊಟ್ಟಿಗೆಯಲ್ಲೂ ಮನೆಯ ಗೋಡೆಯಲ್ಲೂ ಕುಳಿತ ಸೊಳ್ಳೆಗಳನ್ನು ಹಿಡಿದು ಎಣಿಸುವುದು ಇಂಥ ಅಧ್ಯಯನದ ದಿನಚರಿ. ಬಹಳ ಬೇಸರದ ಕೆಲಸ. ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರೆ ಎರಡು ನಿಮಿಷಕ್ಕೆ ಪ್ರೇಕ್ಷಕರು ಎದ್ದುಹೋಗುವಂಥದು.

ಆ ಬೇಸರದ ಕೆಲಸದಿಂದಲೇ ಒಂದು ಸೊಗಸಾದ ಫಲ ದೊರೆಯಿತು. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯನ್ನು ಲಿಸ್ಟನ್ ಎಂಬ ವಿಜ್ಞಾನಿ 1901ರಲ್ಲೇ ಗುರುತಿಸಿ ಹೆಸರಿಟ್ಟಿದ್ದ. ವಿಚಿತ್ರವೆಂದರೆ, ಪಟ್ಟಣಗಳಲ್ಲಿ ಇದು ಮಲೇರಿಯವನ್ನು ಚೆನ್ನಾಗಿ ಹರಡುತ್ತಿತ್ತು, ಅನೇಕ ಹಳ್ಳಿಗಳಲ್ಲಿ ಹೇರಳವಾಗಿದ್ದರೂ ಹರಡುತ್ತಿರಲಿಲ್ಲ. ಕಣ್ಣಿಗೆ ಎರಡೂ ಒಂದೇ. ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಮತ್ತು ಮೈಸೂರಿನ ಬಿ. ಎ. ರಾವ್ ಸೊಳ್ಳೆಯನ್ನು ಬಿಟ್ಟು ಅದರ ಮೊಟ್ಟೆಯನ್ನು ನೋಡಿದರು.

ಅನಾಫಿಲಿಸ್‌ನ ಮೊಟ್ಟೆ ಪುಟ್ಟ ದೋಣಿಯಂತೆ ಇರುತ್ತದೆ. ಉದ್ದ ಅರ್ಧ ಮಿಲಿಮೀಟರಿನ ಆಸುಪಾಸು. ಎರಡೂ ಪಕ್ಕದಲ್ಲಿ ಗಾಳಿ ತುಂಬಿದ ತೇಲುಚೀಲ, ಅದರ ಮೇಲೆ ಅಡ್ಡಡ್ಡವಾಗಿ ಏಣುಗಳು. ರಕ್ತ ಕುಡಿದ ಹೆಣ್ಣು ಸೊಳ್ಳೆಯನ್ನು ಒಂದೊಂದಾಗಿ ಒದ್ದೆ ಕಾಗದದ ಮೇಲೆ ಬಿಟ್ಟು, ಅದು ಇಟ್ಟ ಮೊಟ್ಟೆಗಳ ಏಣುಗಳನ್ನು ಎಣಿಸಬೇಕು. ಎಣಿಸಿದಾಗ ಒಂದು ಬಗೆಯ ಮೊಟ್ಟೆಯಲ್ಲಿ ಏಣುಗಳು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. 1937ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಪ್ರಕಟವಾದ ಲೇಖನದಲ್ಲಿ ಕಡಿಮೆ ಏಣಿನ ಬಗೆಗೆ ಅವರು ಕೊಟ್ಟ ಹೆಸರು ಮೈಸೂರೆನ್ಸಿಸ್. ಐವತ್ತು ವರ್ಷಗಳ ಅನಂತರ, 1987ರಲ್ಲಿ, ದೆಹಲಿಯ ಮಲೇರಿಯ ಸಂಶೋಧನ ಕೇಂದ್ರದ ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ನಡುವಿನ ಮೂರನೆಯ ಬಗೆಯನ್ನೂ ಸೇರಿಸಿದರು. ಅವರ ಎಣಿಕೆಯಂತೆ ಮೂಲ ಬಗೆಗೆ 14ರಿಂದ 22 ಏಣು, ನಡುವಿನದಕ್ಕೆ 12ರಿಂದ 17, ಮೈಸೂರೆನ್ಸಿಸ್‌ಗೆ 9ರಿಂದ 15. ಅಂಕಿಗಳು ಒಂದರ ಮೇಲೊಂದು ಹಾಯುವುದನ್ನು ಗಮನಿಸಿ. ಆದ್ದರಿಂದಲೇ ಒಂದು ಮೊಟ್ಟೆ ನೋಡಿ ತೀರ್ಪು ಕೊಡುವಂತಿಲ್ಲ, ಹಲವನ್ನು ಎಣಿಸಬೇಕು. ನಮ್ಮಲ್ಲಿ ಮೈಸೂರೆನ್ಸಿಸ್ ಬಹುಮಟ್ಟಿಗೆ ದನಕರುಗಳ ರಕ್ತವನ್ನೇ ನೆಚ್ಚಿದ ಹಳ್ಳಿಯ ಸೊಳ್ಳೆ. ಆದರೆ ಇರಾನಿನ ಹಳ್ಳಿಗಳಲ್ಲಿ ಇದೇ ಬಗೆ ರೋಗ ಹರಡುತ್ತದೆ. ಹೆಸರು ನೋಡಿ ನಿಶ್ಚಿಂತರಾಗುವಂತಿಲ್ಲ.

ಇನ್ನು ಆಫ್ರಿಕದ ಕಡೆ ಬರೋಣ. ಅಲ್ಲಿ ಮಲೇರಿಯ ಬಹುಪಾಲು ಹಳ್ಳಿಯ ರೋಗ, ಮಳೆಗಾಲದ ರೋಗ. ರಾತ್ರಿ ಮನೆಯೊಳಗೆ ಕಚ್ಚುವ ಅಲ್ಲಿನ ಸೊಳ್ಳೆಗಳಿಗೆ ಔಷಧ ಸವರಿದ ಪರದೆ ಒಳ್ಳೆಯ ಅಸ್ತ್ರವಾಯಿತು. ಗ್ಯಾಂಬಿಯ ದೇಶದ ಹಳ್ಳಿಗಳಲ್ಲಿ ಪೆಡ್ರೊ ಅಲೊನ್ಸೊ ಮತ್ತು ಸಂಗಡಿಗರು ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಪರದೆಯಿಂದ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವು ಶೇಕಡ 60ಕ್ಕೂ ಹೆಚ್ಚು ಇಳಿದದ್ದು ಕಂಡಿತು. ಈ ಲೆಕ್ಕಾಚಾರಕ್ಕೆ ತೊಡಕಾಗಿ ಬಂದದ್ದು ನಮ್ಮ ಸ್ಟೀಫೆನ್ಸಿ. 2012ರಲ್ಲಿ ಅದು ಜಿಬೂಟಿ ದೇಶದಲ್ಲಿ ಕಾಣಿಸಿಕೊಂಡಿತು. ಆ ವರ್ಷ ಅಲ್ಲಿ ಮಲೇರಿಯ ಪ್ರಕರಣಗಳು 27, 2020ರಲ್ಲಿ 73 ಸಾವಿರಕ್ಕೂ ಹೆಚ್ಚು. 2016ರಲ್ಲಿ ಇಥಿಯೋಪಿಯದಲ್ಲಿಯೂ ಅದು ಸಿಕ್ಕಿತು. ತಳಿಗುಣದ ಪರೀಕ್ಷೆಯಲ್ಲಿ ಇಥಿಯೋಪಿಯದ ಸೊಳ್ಳೆ ಪಾಕಿಸ್ತಾನದ ಸೊಳ್ಳೆಗೆ ಹತ್ತಿರವೆಂದು ತಿಳಿದುಬಂದಿದೆ. ಮೈಸೂರಿನಿಂದ ಹೋಯಿತೆಂದು ನಾವು ತಲೆ ತಗ್ಗಿಸಬೇಕಾಗಿಲ್ಲ!

ಇಥಿಯೋಪಿಯದ ಡಿರೆ ದಾವ ಪಟ್ಟಣದಲ್ಲಿ 2022ರ ಜನವರಿಯಿಂದ ಮೇ ತಿಂಗಳೊಳಗೆ 2,400ಕ್ಕೂ ಹೆಚ್ಚು ಮಂದಿಗೆ ಮಲೇರಿಯ ಬಂತು. ಅದು ಒಣ ಋತು, ಮಲೇರಿಯ ಇರಬಾರದ ಕಾಲ. ಅಡಿಸ್ ಅಬಾಬದ ಆರ್ಮೊವರ್ ಹ್ಯಾನ್ಸನ್ ಸಂಶೋಧನ ಸಂಸ್ಥೆಯ ಫಿಟ್ಸುಮ್ ಟಡೆಸ್ಸೆ ಮತ್ತು ಸಂಗಡಿಗರು 101 ರೋಗಿಗಳನ್ನೂ ರೋಗವಿಲ್ಲದ 189 ಮಂದಿಯನ್ನೂ ಆರಿಸಿಕೊಂಡು, ಅವರ ಮನೆಯವರ ರಕ್ತ ಪರೀಕ್ಷಿಸಿದರು, ಸುತ್ತಲಿನ ನೀರನ್ನೂ ಸೊಳ್ಳೆಗಳನ್ನೂ ಹುಡುಕಿದರು. ರೋಗಿಯ ಹತ್ತಿರದವರಲ್ಲೇ ಸೋಂಕು ಗುಂಪುಗೂಡಿತ್ತು. ಹಿಡಿದ ಅನಾಫಿಲಿಸ್ ಸೊಳ್ಳೆಗಳಲ್ಲಿ ಶೇಕಡ 97 ಸ್ಟೀಫೆನ್ಸಿ. ಅಧ್ಯಯನಕ್ಕೆ ಒಳಪಟ್ಟವರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದ ಹುಡುಗರೂ ಇದ್ದರು, ನಿಮ್ಮದೇ ವಯಸ್ಸಿನವರು. ರೋಗವಿಲ್ಲದವರನ್ನು ಏಕೆ ಸೇರಿಸಿದರೆಂದು ನೀವು ಕೇಳಬಹುದು. ಜ್ವರ ಬಂದವನ ಮನೆಯಲ್ಲಿ ಮಾತ್ರ ಸೊಳ್ಳೆ ಹುಡುಕಿದರೆ ಅದು ಎಲ್ಲ ಮನೆಯಲ್ಲೂ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಹೋಲಿಕೆಯಿಲ್ಲದೆ ಕಾರಣವನ್ನು ಬೆರಳು ಮಾಡಿ ತೋರಿಸಲಾಗದು.

ಒಣ ಋತುವಿನಲ್ಲಿ ಈ ಸೊಳ್ಳೆಗೆ ಆಸರೆ ಯಾವುದು? ಮನುಷ್ಯ ಕೂಡಿಟ್ಟ ನೀರು. ನೆಲತೊಟ್ಟಿ, ಡ್ರಮ್ಮು, ಮಹಡಿಯ ಮೇಲಿನ ಮುಚ್ಚಳವಿಲ್ಲದ ಟ್ಯಾಂಕು, ಕಟ್ಟಡ ಕಟ್ಟುವಲ್ಲಿ ನಿಲ್ಲಿಸಿದ ನೀರು. ಮಂಗಳೂರಿನಲ್ಲಿ 1990ರ ದಶಕದಿಂದ ಮಲೇರಿಯ ಕಾಡಿದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಬಯಲುಸೀಮೆಯಲ್ಲಿ ನಲ್ಲಿಗೆ ನೀರು ಯಾವಾಗ ಬಂದೀತೆಂದು ಕಾದು ಕುಳಿತ ಗೃಹಿಣಿಗೆ, ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಮ್ಮ ಎಂದು ಹೇಳುವುದು ಸುಲಭ. ಬರಿದು ಮಾಡಿದ ಮೇಲೆ ತುಂಬುವುದು ಎಲ್ಲಿಂದ? ನನಗೆ ತೋರುವ ಮಟ್ಟಿಗೆ, ಸಮಯಕ್ಕೆ ಸರಿಯಾಗಿ ನೀರು ಬಿಡುವುದು ಕೂಡ ಮಲೇರಿಯ ನಿಯಂತ್ರಣವೇ. ಬಿಗಿಯಾದ ಮುಚ್ಚಳ ಅಥವಾ ಹಳೆಯ ಪಂಚೆಯ ಬಟ್ಟೆ ಬಿಗಿದು ಕಟ್ಟಿದರೆ ನೀರೂ ಉಳಿಯುತ್ತದೆ, ಸೊಳ್ಳೆಗೂ ದಾರಿಯಿಲ್ಲ. ಕುಡಿಯಲು ಬಳಸದ ದೊಡ್ಡ ತೊಟ್ಟಿಗೆ ಮರಿ ತಿನ್ನುವ ಗಪ್ಪಿ ಮೀನು ಬಿಡಬಹುದು.

ನಿಮ್ಮ ಮನೆಯ ಅಥವಾ ಹಾಸ್ಟೆಲಿನ ತೊಟ್ಟಿಯನ್ನು ಒಮ್ಮೆ ನೀವೇ ನೋಡಿ. ಬಿಳಿಯ ತಟ್ಟೆಯಲ್ಲಿ ಸ್ವಲ್ಪ ನೀರು ತೆಗೆದು, ಅಲುಗಾಡಿಸದೆ ಬೆಳಕಿಗೆ ಹಿಡಿಯಿರಿ. ಮರಿಗಳು ತಲೆ ಕೆಳಗಾಗಿ ನೀರಿನ ಮೇಲ್ಮೈಯಿಂದ ಜೋತುಬಿದ್ದಿದ್ದರೆ ಅವು ಕ್ಯೂಲೆಕ್ಸ್ ಅಥವಾ ಡೆಂಗೆ ತರುವ ಈಡಿಸ್ ಜಾತಿಯವು. ನೀರಿಗೆ ಸಮನಾಗಿ ಕಡ್ಡಿಯಂತೆ ಮಲಗಿದ್ದರೆ ಅನಾಫಿಲಿಸ್. ಅದರಲ್ಲಿ ಯಾವ ಜಾತಿ ಎಂಬುದನ್ನು ತಟ್ಟೆಯಲ್ಲಿ ಹೇಳಲಾಗದು. ಊರು, ತಾರೀಖು, ತೊಟ್ಟಿಯ ಬಗೆ ಬರೆದ ಚೀಟಿಯೊಡನೆ ಆ ಮರಿಗಳನ್ನು ಒಂದು ಸೀಸೆಯಲ್ಲಿ ಹಾಕಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರ ಕೈಗೆ ಕೊಡಿ.