ಉಸಿರಿನ ಮಿಷಿನ್ ಮುಟ್ಟುವ ಕೈ ಯಾರದು?

(ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಸ್ವ-ಸಹಾಯ ಸಂಘಗಳ ಸದಸ್ಯೆಯರು, ಪಿ.ಯು.ಸಿ. ವಿದ್ಯಾರ್ಥಿಗಳು ಹಾಗೂ ಪಾಲಕರಿಗಾಗಿ ಜಮಖಂಡಿಯಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಮಗೆ ಕೊಟ್ಟಿರುವ ವಿಷಯದ ಹೆಸರು ಉದ್ದ ಇದೆ: ‘ರೆಸ್ಪಿರೇಟರಿ ಥೆರಪಿಸ್ಟರ ವೃತ್ತಿ ಸಂಘಟನೆ ಹಾಗೂ ನೋಂದಣಿ ನಿಯಮಗಳು’. ಬನಹಟ್ಟಿಯಿಂದ ಬಂದ ಒಬ್ಬ ತಾಯಿ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿ ಕೇಳಿದರು, “ಸಿಸ್ಟರ್, ಇದೇನು ನಮಗ ತಿಳಿಯೂದಲ್ಲ ಬಿಡ್ರಿ. ನಾವು ಕುಂತು ಏನ್ ಮಾಡೂದೈತಿ?” ನಾವು ಕೇಳಿದೆವು, “ನಿಮ್ಮ ಮನ್ಯಾಗ ಯಾರಿಗರ ದಮ್ಮು ಐತೇನ್ರಿ?” “ನಮ್ಮ ಮಾವಗ ಐತ್ರಿ.” “ಹಂಗಾರ ಮುಂದ ಬಂದು ಕುಂಡ್ರಿ, ಇದು ನಿಮ್ಮದೇ ವಿಷಯ” ಎಂದೆವು. ಅವರು ಎರಡನೇ ಸಾಲಿನಲ್ಲೇ ಕುಳಿತಿದ್ದಾರೆ.

ಮೊದಲು ನಮ್ಮದೇ ಒಂದು ತಪ್ಪು ಹೇಳಿಬಿಡುತ್ತೇವೆ. 2021ರ ಕೊರೊನಾ ಎರಡನೇ ಅಲೆ ಇಳಿದ ಮೇಲೆ ದಾನಿಗಳು ಕೊಟ್ಟ ಆಕ್ಸಿಜನ್ ಕಾನ್ಸಂಟ್ರೇಟರುಗಳು ನಮ್ಮಲ್ಲಿ ಉಳಿದಿದ್ದವು. ಸುಮ್ಮನೆ ಧೂಳು ಹಿಡಿಯುವುದಕ್ಕಿಂತ ದಮ್ಮಿನ ರೋಗಿಗಳ ಮನೆಗೆ ಹೋಗಲಿ ಎಂದು ಹಂಚಿದೆವು. ಅದರಲ್ಲಿ ಒಂದು, ಮೂವತ್ತು ವರ್ಷ ಮಗ್ಗದ ಶೆಡ್ಡಿನಲ್ಲಿ ದುಡಿದ ಒಬ್ಬ ಹಿರಿಯರ ಮನೆಗೆ ಹೋಯಿತು. ವೈದ್ಯರ ಚೀಟಿಯಲ್ಲಿ ನಿಮಿಷಕ್ಕೆ 2 ಲೀಟರ್ ಎಂದು ಬರೆದಿತ್ತು. ನಾವು ಮಿಷಿನ್ ಇಟ್ಟೆವು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೆವು, ಫೋಟೊ ತೆಗೆದೆವು, ಜೀಪ್ ಹತ್ತಿದೆವು. ಆ ಗುಂಡಿ ಯಾಕೆ 2ರಲ್ಲೇ ಇರಬೇಕು ಎಂದು ಹೇಳುವ ಮನುಷ್ಯ ನಮ್ಮ ಜೊತೆ ಇರಲಿಲ್ಲ. ಅಂಥವನೊಬ್ಬ ಬೇಕು ಎನ್ನುವುದೂ ನಮಗೆ ಹೊಳೆಯಲಿಲ್ಲ.

ಒಂದು ರಾತ್ರಿ ಅವರಿಗೆ ದಮ್ಮು ಹೆಚ್ಚಾಯಿತು. ಮಗ ತಂದೆಯ ಸಂಕಟ ನೋಡಲಾರದೆ ಗುಂಡಿ ತಿರುಗಿಸಿ 5ಕ್ಕೆ ಇಟ್ಟ. ಬೆರಳಿಗೆ ಹಾಕುವ ಮಿಷಿನ್ 98 ತೋರಿಸಿತು. ಮುದುಕರು ಶಾಂತವಾದರು. “ಚಲೋ ನಿದ್ದಿ ಹತ್ತೇತಿ” ಎಂದು ಮನೆಯವರೂ ಮಲಗಿದರು. ಬೆಳಗ್ಗೆ ಅಲುಗಿಸಿದರೆ ಕಣ್ಣು ಬಿಡಲಿಲ್ಲ.

ಹಳೆಯ ದಮ್ಮಿನ ರೋಗ, ಡಾಕ್ಟರು ಸಿ.ಓ.ಪಿ.ಡಿ. ಎನ್ನುವುದು, ಬಲಿತಿರುವ ಕೆಲವರಲ್ಲಿ ಆಮ್ಲಜನಕ ಬೇಕಾದದ್ದಕ್ಕಿಂತ ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಅಂಥವರಿಗೆ ಬೆರಳಿನ ಮಿಷಿನ್ 88ರಿಂದ 92 ತೋರಿಸಿದರೆ ಸಾಕು. 98 ಎನ್ನುವುದು ಅವರಿಗೆ ಒಳ್ಳೆಯ ಸುದ್ದಿಯಲ್ಲ. ಅವರನ್ನು ಒಯ್ದ ಆಸ್ಪತ್ರೆಯಲ್ಲಿ ಒಬ್ಬ ತರುಣ ಮೊದಲು ಕೇಳಿದ್ದೇ “ಮನ್ಯಾಗ ಎಷ್ಟು ಲೀಟರ್ ಇಟ್ಟಿದ್ರಿ?” ಎಂದು. ಮುಂಗೈಯಿಂದ ರಕ್ತ ತೆಗೆದು ಪರೀಕ್ಷೆಗೆ ಹಾಕಿ, ವೈದ್ಯರಿಗೆ ತಿಳಿಸಿ, ಮೂಗು-ಬಾಯಿ ಮುಚ್ಚುವ ಬೈಪ್ಯಾಪ್ ಮಾಸ್ಕ್ ಕಟ್ಟಿ, ಮಧ್ಯಾಹ್ನದವರೆಗೆ ಹಾಸಿಗೆ ಬಿಟ್ಟು ಕದಲಲಿಲ್ಲ. ಸಂಜೆ ಹಿರಿಯರು ಮಗನ ಹೆಸರು ಹಿಡಿದು ಕರೆದರು.

ಆ ತರುಣ ಡಾಕ್ಟರಲ್ಲ, ನರ್ಸ್ ಅಲ್ಲ. ರೆಸ್ಪಿರೇಟರಿ ಥೆರಪಿಸ್ಟ್. ಆಮ್ಲಜನಕ, ನೆಬುಲೈಜರ್, ಗಂಟಲಿನ ಕಫ ಹೀರುವುದು, ವೆಂಟಿಲೇಟರ್ ಜೋಡಿಸುವುದು, ಅದರಿಂದ ರೋಗಿಯನ್ನು ಹಂತಹಂತವಾಗಿ ಬಿಡಿಸುವುದು, ಊದುವ ಪರೀಕ್ಷೆ ಮಾಡಿಸುವುದು, ಇನ್‌ಹೇಲರ್ ಹೇಗೆ ಎಳೆಯಬೇಕೆಂದು ಕಲಿಸುವುದು ಇವರ ಕೆಲಸ. ಕೊನೆಯದು ಸಣ್ಣ ಕೆಲಸ ಅನ್ನಬೇಡಿ. ನಾವು ಮನೆ ಭೇಟಿಗೆ ಹೋದಲ್ಲೆಲ್ಲ ನೋಡುತ್ತೇವೆ: ತಿಂಗಳಿಗೆ ನೂರಾರು ರೂಪಾಯಿಯ ಔಷಧಿ ನಾಲಿಗೆಗೆ ಬಡಿದು ಮುಗಿಯುತ್ತದೆ, ಪುಪ್ಪುಸಕ್ಕೆ ಹೋಗುವುದೇ ಇಲ್ಲ.

ಆ ಹುಡುಗ ಪಿ.ಯು.ಸಿ. ವಿಜ್ಞಾನ ಮುಗಿಸಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಓದಿದವನು. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಅವನ ಪಕ್ಕದಲ್ಲಿ ಅದೇ ಬಣ್ಣದ ಅಂಗಿ ಹಾಕಿದ ಇನ್ನೊಬ್ಬನಿದ್ದ. ಆರು ತಿಂಗಳ ಸರ್ಟಿಫಿಕೇಟ್. ಇಬ್ಬರ ಕೊರಳಿನ ಕಾರ್ಡಿನಲ್ಲೂ ‘ಟೆಕ್ನಿಷಿಯನ್’ ಎಂದೇ ಇತ್ತು. ರಾತ್ರಿ ಪಾಳಿಯಲ್ಲಿ ಯಾರ ಕೈ ನಿಮ್ಮವರ ಉಸಿರಿನ ಮೇಲಿರುತ್ತದೆ ಎನ್ನುವುದು ಅವತ್ತಿನ ಡ್ಯೂಟಿ ಪಟ್ಟಿಗೆ ಬಿಟ್ಟದ್ದು. ನೋಂದಣಿ ಎಂಬ ಮಾತು ಇಲ್ಲಿಂದ ಹುಟ್ಟುತ್ತದೆ.

ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂದದ್ದು 1947ರಲ್ಲಿ. ಫಾರ್ಮಸಿ ಕಾಯ್ದೆ 1948ರಲ್ಲಿ. ಗುಳಿಗೆ ಎಣಿಸಿ ಕೊಡುವವರಿಗೆ ಅಂದಿನಿಂದಲೇ ರಿಜಿಸ್ಟರ್ ಇದೆ. ವೆಂಟಿಲೇಟರ್ ನಡೆಸುವವರಿಗೆ 2021ರವರೆಗೆ ದೇಶವಿಡೀ ಅನ್ವಯಿಸುವ ಅಂಥ ಒಂದು ಕಾಯ್ದೆ ಇರಲಿಲ್ಲ. ನಡುವೆ 2007ರಲ್ಲಿ ಒಂದು ಮಸೂದೆ ಬಂದು ಬಿದ್ದುಹೋಯಿತು, 2018ರಲ್ಲಿ ಇನ್ನೊಂದು ಬಂದಿತು. ಕೊನೆಗೆ 2021ರ ಮಾರ್ಚ್‌ನಲ್ಲಿ ಸಂಸತ್ತು ‘ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ’ಯನ್ನು ಒಪ್ಪಿತು. ಆ ಹೊತ್ತಿಗೆ ದೇಶದ ಎಷ್ಟೋ ಕಡೆ ಹೊಸ ವೆಂಟಿಲೇಟರ್‌ಗಳು, ನಡೆಸುವವರಿಲ್ಲದೆ, ಪ್ಲಾಸ್ಟಿಕ್ ಹೊದಿಕೆಯಲ್ಲೇ ನಿಂತಿದ್ದವು.

ಈ ಕಾಯ್ದೆಯ ಪಟ್ಟಿಯಲ್ಲಿ ಐವತ್ತಕ್ಕೂ ಹೆಚ್ಚು ವೃತ್ತಿಗಳಿವೆ. ಅದರಲ್ಲಿ ‘ರೆಸ್ಪಿರೇಟರಿ ಟೆಕ್ನಾಲಜಿಸ್ಟ್’ ಎಂದು ಬರೆದಿದ್ದಾರೆ. ವೃತ್ತಿಯವರಿಗೆ ‘ಥೆರಪಿಸ್ಟ್’ ಎನ್ನುವುದೇ ಇಷ್ಟ, ಅದರ ಬಗ್ಗೆ ಅವರಲ್ಲಿ ವಾದ ಇದೆ. ಅದು ಅವರ ಮನೆಯ ಮಾತು. ಇನ್ನೊಂದು ಸಂಗತಿ ನಮಗೇ ನಗು ತಂದಿತು. ಅದೇ ಪಟ್ಟಿಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಕೂಡ ಇದ್ದಾರೆ. ಅಂದರೆ ನಮ್ಮ ಎಂ.ಎಸ್.ಡಬ್ಲ್ಯೂ. ಓದಿದವರಿಗೂ, ಆಸ್ಪತ್ರೆಯಲ್ಲಿ ಕೆಲಸ ಮಾಡುವುದಾದರೆ, ಈ ರಿಜಿಸ್ಟರ್ ತಪ್ಪಿದ್ದಲ್ಲ. ಊರಿಗೆಲ್ಲ ಉಪದೇಶ ಮಾಡುವ ಮೊದಲು ಟ್ರಂಕ್ ತೆಗೆದು ನಮ್ಮ ಮಾರ್ಕ್ಸ್ ಕಾರ್ಡು ಹುಡುಕಿದೆವು. ಒಂದು ಸೆಮಿಸ್ಟರಿನದು ಇನ್ನೂ ಸಿಕ್ಕಿಲ್ಲ.

ಕಾಯ್ದೆ ಹೇಳುವುದು ಸರಳ. ರಾಜ್ಯದ ಅಥವಾ ಕೇಂದ್ರದ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಈ ವೃತ್ತಿ ಮಾಡುವಂತಿಲ್ಲ. ಮಾಡಿದರೆ 50,000 ರೂಪಾಯಿ ದಂಡ. ಅಲೈಡ್ ಹೆಲ್ತ್ ವೃತ್ತಿಪರ ಅನ್ನಿಸಿಕೊಳ್ಳಲು ಡಿಪ್ಲೊಮಾ ಅಥವಾ ಪದವಿ ಬೇಕು, ಎರಡರಿಂದ ನಾಲ್ಕು ವರ್ಷದಲ್ಲಿ ಕನಿಷ್ಠ 2,000 ಗಂಟೆಯ ಕಲಿಕೆ ಆಗಿರಬೇಕು.

ಈ 2,000ವನ್ನು ನೆನಪಿಡಿ, ತಾಯಂದಿರೇ. ದಿನಕ್ಕೆ 5 ಗಂಟೆ, ತಿಂಗಳಿಗೆ 25 ದಿನ ಕ್ಲಾಸು ನಡೆದರೆ ಆರು ತಿಂಗಳಿಗೆ 750 ಗಂಟೆ. ಒಂದು ವರ್ಷಕ್ಕೆ 1,500. ಅಂದರೆ ‘ಒಂದೇ ವರ್ಷದಲ್ಲಿ ಐ.ಸಿ.ಯು. ಟೆಕ್ನಿಷಿಯನ್ ಆಗಿರಿ’ ಎಂದು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಕಾಗದ, ಒಂದು ದಿನವೂ ರಜೆ ಇಲ್ಲದೆ ಪಾಠ ಮಾಡಿದರೂ, ನಿಮ್ಮ ಮಗಳನ್ನು ಆ ರಿಜಿಸ್ಟರಿನ ಬಾಗಿಲಿಗೆ ಮುಟ್ಟಿಸುವುದಿಲ್ಲ. ಕಾಯ್ದೆ ಎರಡು ವರ್ಷಕ್ಕಿಂತ ಕಡಿಮೆಯದನ್ನು ಕೇಳುವುದೇ ಇಲ್ಲ.

ಇದನ್ನು ನಾವು ಲೆಕ್ಕ ಹಾಕಿದ್ದು ತಡವಾಗಿ. ರಬಕವಿಯ ಒಂದು ನೇಕಾರರ ಮನೆಯ ಹುಡುಗಿ ಇಂಥದೇ ಒಂದು ಕೋರ್ಸಿಗೆ ಸೇರಿದಳು. ತಾಯಿ ಸ್ವ-ಸಹಾಯ ಸಂಘದಲ್ಲಿ ಸಾಲ ಕೇಳಿದರು. ಸಂಘದ ಸಭೆಯಲ್ಲಿ ನಾವೂ ಕುಳಿತಿದ್ದೆವು. ಹುಡುಗಿ ಓದುತ್ತಾಳೆ, ದವಾಖಾನೆಯಲ್ಲಿ ನೌಕರಿ ಆಗುತ್ತದೆ ಎಂದು ಸಂತೋಷಪಟ್ಟು, ಆ ಸಂಸ್ಥೆಗೆ ಮಾನ್ಯತೆ ಯಾರು ಕೊಟ್ಟಿದ್ದಾರೆ ಎಂದು ಒಂದು ಮಾತೂ ಕೇಳದೆ ಶಿಫಾರಸು ಮಾಡಿದೆವು. ಕೋರ್ಸ್ ಮುಗಿದು ಕೈಗೆ ಬಂಗಾರದ ಅಂಚಿನ ಸರ್ಟಿಫಿಕೇಟ್ ಬಂದಿತು. ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು. ಸಣ್ಣ ಆಸ್ಪತ್ರೆಯೊಂದು ತೆಗೆದುಕೊಂಡಿತು, ಮತ್ತು ಮೂರನೇ ವಾರದಲ್ಲೇ ರಾತ್ರಿ ಪಾಳಿಗೆ ವೆಂಟಿಲೇಟರ್ ಹಾಸಿಗೆಯ ಮುಂದೆ ನಿಲ್ಲಿಸಿತು. ಅಲಾರಾಂ ಕೂಗಿದಾಗ ಏನು ಮಾಡಬೇಕೆಂದು ಗೊತ್ತಿರಲಿಲ್ಲ ಎಂದು ನಮ್ಮೆದುರು ಅತ್ತಳು. “ಸಿಸ್ಟರ್, ಆ ಮಂದಿ ನನ್ನ ಕೈ ನೋಡ್ತಿದ್ರು. ನಾ ಗುಂಡಿ ಒತ್ತಿ ಸಪ್ಪಳ ಬಂದ್ ಮಾಡ್ತಿದ್ನಿ, ಅಷ್ಟ.” ಅವಳು ಆ ಕೆಲಸ ತಾನಾಗಿ ಬಿಟ್ಟಳು. ಇಪ್ಪತ್ತು ವರ್ಷದ ಹುಡುಗಿಗೆ ಇದ್ದ ಆ ಧೈರ್ಯ, ಸಾಲಕ್ಕೆ ಶಿಫಾರಸು ಮಾಡಿದ ನಮಗೆ ಪ್ರಶ್ನೆ ಕೇಳುವಾಗ ಇರಲಿಲ್ಲ.

ಈಗ ಸಂಘಟನೆಯ ಮಾತು. ಈ ವೃತ್ತಿಯವರಿಗೆ ‘ಇಂಡಿಯನ್ ಅಸೋಸಿಯೇಷನ್ ಆಫ್ ರೆಸ್ಪಿರೇಟರಿ ಕೇರ್’ ಎಂಬ ಸಂಘ ಇದೆ. ಸಮ್ಮೇಳನ, ತರಬೇತಿ ನಡೆಸುತ್ತದೆ, ಒಂದು ಪತ್ರಿಕೆಯೂ ಇದೆ. ಆದರೆ ಸಂಘದ ಸದಸ್ಯತ್ವವೇ ಲೈಸೆನ್ಸ್ ಎಂದು ತಿಳಿಯುವವರಿದ್ದಾರೆ. ಲಾರಿ ಮಾಲೀಕರ ಸಂಘದ ಕಾರ್ಡು ಕಿಸೆಯಲ್ಲಿದ್ದರೆ ಮುಧೋಳ ರಸ್ತೆಯಲ್ಲಿ ಪೊಲೀಸರು ಬಿಡುತ್ತಾರೆಯೇ? ಆರ್.ಟಿ.ಓ. ಕೊಟ್ಟ ಲೈಸೆನ್ಸ್ ಬೇಕು. ಇಲ್ಲಿಯೂ ಹಾಗೆಯೇ: ಸಂಘ ಬೇರೆ, ಪರಿಷತ್ತಿನ ರಿಜಿಸ್ಟರ್ ಬೇರೆ.

ಹಾಗಾದರೆ ಸಂಘ ಯಾಕೆ ಬೇಕು? ಕಾನೂನು ತಾನಾಗಿ ನಡೆಯುವುದಿಲ್ಲವಾದ್ದರಿಂದ. 2021ರ ಕಾಯ್ದೆ ಬಂದು ಮೂರು ವರ್ಷವಾದರೂ ಅನೇಕ ರಾಜ್ಯಗಳಲ್ಲಿ ಪರಿಷತ್ತುಗಳೇ ಆಗಿರಲಿಲ್ಲ. ಆಗ ಸುಪ್ರೀಂ ಕೋರ್ಟಿಗೆ ಹೋದದ್ದು ಮೆಡಿಕಲ್ ಟೆಕ್ನಾಲಜಿಸ್ಟರದೇ ಒಂದು ಜಂಟಿ ವೇದಿಕೆ. 2024ರ ಆಗಸ್ಟ್‌ನಲ್ಲಿ ಕೋರ್ಟು, ಎರಡು ತಿಂಗಳೊಳಗೆ ಕಾಯ್ದೆ ಜಾರಿಗೆ ತನ್ನಿ ಎಂದು ಕೇಂದ್ರ-ರಾಜ್ಯಗಳಿಗೆ ಹೇಳಿತು. ಒಬ್ಬ ಟೆಕ್ನಿಷಿಯನ್ ಒಂಟಿಯಾಗಿ ದೆಹಲಿಗೆ ಹೋಗಿ ಕೇಳಲು ಆಗುತ್ತಿತ್ತೇ? ನೀವು ಹತ್ತು-ಹದಿನೈದು ಹೆಣ್ಣುಮಕ್ಕಳು ಕೂಡಿ ಬ್ಯಾಂಕಿಗೆ ಹೋದಾಗ ಮ್ಯಾನೇಜರು ಕುರ್ಚಿ ಕೊಟ್ಟರಲ್ಲ, ಅದೇ ಲೆಕ್ಕ. ಅಮೆರಿಕದಲ್ಲೂ ಹೀಗೆಯೇ ಆಯಿತು. 1947ರಲ್ಲಿ ಶಿಕಾಗೊದಲ್ಲಿ ಸಣ್ಣ ಸಂಘವಾಗಿ ಶುರುವಾದದ್ದು, ರಾಜ್ಯದಿಂದ ರಾಜ್ಯಕ್ಕೆ ಕಾನೂನು ಕೇಳುತ್ತ ಹೋಗಿ, ಇಂದು ಅಲಾಸ್ಕ ಒಂದನ್ನು ಬಿಟ್ಟು ಎಲ್ಲ ಕಡೆ ಲೈಸೆನ್ಸ್ ಇದೆ. ಕೊಲ್ಲಿ ದೇಶಗಳಿಗೆ ಹೋಗುವ ಆಸೆ ಇರುವ ಹುಡುಗರೂ ಕೇಳಿಸಿಕೊಳ್ಳಿ: ಸೌದಿಯಲ್ಲಿ ಕೆಲಸಕ್ಕೆ ಮೊದಲು ಅಲ್ಲಿನ ಆರೋಗ್ಯ ವೃತ್ತಿ ಆಯೋಗದಲ್ಲಿ ನೋಂದಣಿ ಆಗಬೇಕು, ಸರ್ಟಿಫಿಕೇಟ್ ನಿಜವೋ ಎಂದು ಕೊಟ್ಟ ಸಂಸ್ಥೆಯನ್ನೇ ವಿಚಾರಿಸುತ್ತಾರೆ. ಬಂಗಾರದ ಅಂಚು ಅಲ್ಲಿ ನಡೆಯುವುದಿಲ್ಲ.

ನಮ್ಮ ನಾಲ್ಕು ತಾಲ್ಲೂಕಿಗೆ ಇದು ದೂರದ ಮಾತಲ್ಲ. ರಬಕವಿ-ಬನಹಟ್ಟಿಯಲ್ಲಿ ಮಗ್ಗ, ಹತ್ತಿಯ ಧೂಳು. ಮುಧೋಳ, ಜಮಖಂಡಿ, ಬೀಳಗಿ ಕಡೆ ಕಬ್ಬು, ಸಕ್ಕರೆ ಕಾರ್ಖಾನೆ, ಬೆಲ್ಲದ ಗಾಣದ ಹೊಗೆ. ಹತ್ತಿಯ ಧೂಳಿನಿಂದ ಬರುವ ರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ದಿನವೇ ಎದೆ ಬಿಗಿಯುವುದು ಅದರ ಮೊದಲ ಗುರುತು. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆ, ಕಾರ್ಖಾನೆಯವರು ಬಗ್ಯಾಸ್ ಎನ್ನುವುದು, ಒಣಗಿ ಬೂಷ್ಟು ಹಿಡಿದರೆ ಅದರ ಧೂಳಿನಿಂದ ಬರುವುದು ಬಗ್ಯಾಸೋಸಿಸ್. ಇವೆರಡೂ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲೇ ವೃತ್ತಿರೋಗಗಳೆಂದು ಬಂದವು. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲೂ ಇವೆ. ಅಂದರೆ ಪರಿಹಾರ ಕೇಳುವ ದಾರಿ ಕಾಗದದಲ್ಲಿದೆ. ಆದರೆ ಕೇಳಬೇಕಾದರೆ ವೈದ್ಯರ ಪ್ರಮಾಣಪತ್ರ ಬೇಕು, ವೈದ್ಯರಿಗೆ ಊದುವ ಪರೀಕ್ಷೆಯ ವರದಿ ಬೇಕು. ಆ ಪರೀಕ್ಷೆ ಮಿಷಿನ್ ಒಂದರಿಂದಲೇ ಆಗುವುದಿಲ್ಲ. ರೋಗಿ ಪೂರ್ತಿ ಉಸಿರೆಳೆದು, ಜೋರಾಗಿ, ಕೊನೆಯವರೆಗೆ ಊದಬೇಕು. “ಇನ್ನೂ, ಇನ್ನೂ, ಬಿಡಬ್ಯಾಡ್ರಿ ಕಾಕಾ” ಎಂದು ಹುರಿದುಂಬಿಸಿ ಮೂರು ಸಲವಾದರೂ ಸರಿಯಾಗಿ ಮಾಡಿಸುವವರು ಬೇಕು. ಕಲಿಯದವನು ಅರ್ಧ ಊದಿಸಿ ಅಂಕಿ ಬರೆದರೆ ವಕೀಲರು ಅದನ್ನು ಒಂದೇ ಪ್ರಶ್ನೆಯಲ್ಲಿ ಹರಿದುಹಾಕುತ್ತಾರೆ. ‘ಈ ಪರೀಕ್ಷೆ ಮಾಡಿದವರು ಯಾರು, ಅವರ ನೋಂದಣಿ ಸಂಖ್ಯೆ ಏನು?’

ಆ ಪ್ರಶ್ನೆಯನ್ನು ನಾವೇ ಮೊದಲು ಕೇಳೋಣ ಎನ್ನುವುದು ನಮ್ಮ ಬೇಡಿಕೆ. ಆಸ್ಪತ್ರೆಯಲ್ಲಿ ಜಗಳ ಬೇಡ. “ತಮ್ಮಾ, ನೀವು ಏನು ಓದೀರಿ, ರಿಜಿಸ್ಟರ್ ಆಗೇತೇನ್ರಿ?” ಎಂದು ಮೆತ್ತಗೆ ಕೇಳಿದರೆ ಸಾಕು. ಓದಿದವನು ಸಂತೋಷದಿಂದ ಹೇಳುತ್ತಾನೆ, ಅವನನ್ನು ಯಾರೂ ಕೇಳಿಯೇ ಇರುವುದಿಲ್ಲ. ಫೀ ಕಟ್ಟುವ ಮೊದಲು ಕಾಲೇಜಿಗೂ ಕೇಳಿ: ಯಾವ ವಿಶ್ವವಿದ್ಯಾಲಯ ಅಥವಾ ಮಂಡಳಿಯ ಮಾನ್ಯತೆ, ಎಷ್ಟು ವರ್ಷ, ಎಷ್ಟು ಗಂಟೆ, ಯಾವ ಆಸ್ಪತ್ರೆಯಲ್ಲಿ ತರಬೇತಿ. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಬಾಯಿಮಾತು ಬೇಡ. ವಿಜ್ಞಾನ ಓದಿದ ಮಕ್ಕಳಿಗೆ ಪದವಿಯ ದಾರಿ ಇದೆ. ನಮ್ಮ ರಬಕವಿಯ ಹುಡುಗಿ ಓದಿದ್ದು ಆರ್ಟ್ಸ್, ಆ ದಾರಿ ಅವಳಿಗೆ ಸುಲಭವಲ್ಲ. ಅವಳೀಗ ಒಂದು ನರ್ಸಿಂಗ್ ಹೋಮಿನಲ್ಲಿ ರೋಗಿಗಳ ಆರೈಕೆಯ ಸಹಾಯಕಿ, ಕಾರ್ಡಿನಲ್ಲೂ ಹಾಗೆಂದೇ ಇದೆ. ಅವಳ ತಾಯಿ ಈ ಸಭೆಗೆ ಬಂದಿದ್ದಾರೆ. ಸಾಲದ ಹನ್ನೊಂದು ಕಂತು ಇನ್ನೂ ಇವೆ. ಅದರ ಬಗ್ಗೆ ಸಂಘದ ಮುಂದಿನ ಸಭೆಯಲ್ಲಿ ನಾವೇ ವಿಷಯ ಎತ್ತುತ್ತೇವೆ, ಯಾಕೆಂದರೆ ಶಿಫಾರಸು ನಮ್ಮದು.

ಊಟ ಆದ ಮೇಲೆ ಯಾರೂ ಹೋಗಬೇಡಿ. ಮಕ್ಕಳ ಕೋರ್ಸಿನ ಕಾಗದ ತಂದವರು ಈ ಬಲಗಡೆಯ ಟೇಬಲ್ ಹತ್ತಿರ ಬನ್ನಿ, ಒಂದೊಂದಾಗಿ ನೋಡೋಣ. ಒರಿಜಿನಲ್ ಬ್ಯಾಡ್ರಿ, ಝೆರಾಕ್ಸ್ ಸಾಕು. ಬನಹಟ್ಟಿಯ ಅಕ್ಕಾರ, ನಿಮ್ಮ ಮಾವನವರ ಇನ್‌ಹೇಲರ್ ಚೀಲದಾಗ ಐತಿ ಅಂದ್ರಲ್ಲ, ಅದನ್ನೂ ತಗೊಂಡು ಬರ್ರಿ.