ಜರ್ಸಿ ಮೇಲೆ ಗುಲ್ಬರ್ಗಾ, ಆಟ ಬೆಂಗಳೂರಲ್ಲಿ

26 ಆಗಸ್ಟ್ 2022, ಶುಕ್ರವಾರ

ಇವತ್ತು ರಾಜಕೀಯಕ್ಕೆ ರಜೆ ಕೊಡೋಣ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರು ಮುನಿಸಿಕೊಂಡರು, ಅದೆಲ್ಲ ನಾಳೆಗೂ ಇರುತ್ತೆ. ಇವತ್ತು ಒಂದು ಕ್ರಿಕೆಟ್ ಮ್ಯಾಚ್ ಬಗ್ಗೆ ಮಾತಾಡ್ತೀನಿ.

ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. ಅಫಜಲಪುರದಿಂದ. ನನ್ನ ಹಳೇ ಗೆಳೆಯ, ಅಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಹಲೋ ಇಲ್ಲ, ಆರಾಮಿದ್ದಿಯೇನು ಅನ್ನೋದೂ ಇಲ್ಲ. ನೇರವಾಗಿ ಕೇಳಿದ: "ದೋಸ್ತ, ಇವತ್ತ ನಮ್ಮವರು ಗೆಲ್ತಾರೇನೋ?"

ಯಾವ ನಮ್ಮವರು ಅಂತ ಕೇಳಿದೆ. ಟಿವಿಯವರ ಚಾಳಿ ನೋಡಿ, ಗೆಲ್ಲೋದು ಅಂದ ತಕ್ಷಣ ಚುನಾವಣೆಯೇ ನೆನಪಾಗೋದು. ಅವನು ಬೈದೇಬಿಟ್ಟ. "ಗುಲ್ಬರ್ಗಾ ಲೇ! ಫೈನಲ್ ಅದ ಇವತ್ತ. ಸುದ್ದಿ ಓದೋದು ನೀನಾ, ನಾನಾ?"

ಹೌದು ವೀಕ್ಷಕರೇ. ಇವತ್ತು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಹಾರಾಜ ಟ್ರೋಫಿ ಟಿ20 ಫೈನಲ್. ಒಂದು ಕಡೆ ಬೆಂಗಳೂರು ಬ್ಲಾಸ್ಟರ್ಸ್, ಇನ್ನೊಂದು ಕಡೆ ಗುಲ್ಬರ್ಗಾ ಮಿಸ್ಟಿಕ್ಸ್. ಹೆಸರು ನೋಡಿ ಹೇಗಿದೆ! ಮಿಸ್ಟಿಕ್ ಅಂದರೆ ಅನುಭಾವಿ. ಶರಣಬಸವೇಶ್ವರರ ದಾಸೋಹದ ಊರು, ಖ್ವಾಜಾ ಬಂದೇನವಾಜರ ಊರು. ಹೆಸರಿಟ್ಟವರು ಯಾರೋ ಏನೋ, ಯೋಚನೆ ಮಾಡಿಯೇ ಇಟ್ಟಿದ್ದಾರೆ. ಆದರೆ ಗುಲ್ಬರ್ಗಾ ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕೆ. ಎಂಟು ವರ್ಷ ಆಗ್ತಾ ಬಂತು. ಜರ್ಸಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಇರಲಿ, ನನ್ನ ಗೆಳೆಯನಿಗೂ ಮುಟ್ಟಿಲ್ಲ.

ಮೊದಲು ಆಟದ ಮಾತು ಮುಗಿಸೋಣ.

ಬ್ಲಾಸ್ಟರ್ಸ್ ತಂಡದ ಬಲ ಎಲ್ಲಿದೆ? ಮೊದಲ ಜೋಡಿಯಲ್ಲಿದೆ. ನಾಯಕ ಮಯಾಂಕ್ ಅಗರ್ವಾಲ್. 2017-18ರ ಒಂದೇ ರಣಜಿ ಋತುವಿನಲ್ಲಿ 1160 ರನ್ ಹೊಡೆದು, ಟೆಸ್ಟ್ ತಂಡದ ಬಾಗಿಲನ್ನ ತಟ್ಟಿದ್ದಲ್ಲ, ಒದ್ದು ತೆಗೆದ ಹುಡುಗ. 2019ರಲ್ಲಿ ಟೆಸ್ಟ್‌ನಲ್ಲಿ 215, ಆಮೇಲೆ 243. ಅವನ ಜೊತೆಗೆ ಇಳಿಯೋದು ಎಲ್.ಆರ್. ಚೇತನ್. ಮೊದಲ ಕ್ವಾಲಿಫೈಯರ್‌ನಲ್ಲಿ ಇದೇ ಎರಡು ತಂಡ ಎದುರಾಗಿದ್ದವು. ಏನಾಯ್ತು? ಮಯಾಂಕ್ ಸೆಂಚುರಿ, ಚೇತನ್ ಸೆಂಚುರಿ. ಒಂದೇ ಇನಿಂಗ್ಸ್‌ನಲ್ಲಿ ಇಬ್ಬರು ಓಪನರ್‌ಗಳದ್ದೂ ಶತಕ. ನಮ್ಮ ಕಡೆಯಿಂದ ರೋಹನ್ ಪಾಟೀಲ್ ಒಬ್ಬನೇ ನಿಂತು ಸೆಂಚುರಿ ಬಾರಿಸಿದ. ಸಾಲಲಿಲ್ಲ. 44 ರನ್‌ಗಳಿಂದ ಸೋತೆವು.

ನೋಡಿ, ಹೇಳ್ತಾ ಹೇಳ್ತಾ ನಾನೂ "ನಮ್ಮ ಕಡೆ", "ಸೋತೆವು" ಅಂದುಬಿಟ್ಟೆ. ಆ್ಯಂಕರ್ ಆದವನು ಪಕ್ಷ ವಹಿಸಬಾರದು. ಆದರೆ ಹುಟ್ಟಿದ್ದು ಆಳಂದ ತಾಲ್ಲೂಕಿನಲ್ಲಿ, ಏನು ಮಾಡ್ಲಿ?

ಹಾಗಾದರೆ ಗುಲ್ಬರ್ಗಾ ಬಲ ಎಲ್ಲಿದೆ? ಮಧ್ಯದಲ್ಲಿದೆ. ಸೋತ ಮೇಲೂ ಕುಗ್ಗದೆ, ಎರಡನೇ ಕ್ವಾಲಿಫೈಯರ್ ಗೆದ್ದು ಬಂದ ತಂಡ ಇದು. ನಾಯಕ ಮನೀಷ್ ಪಾಂಡೆ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ, 2009ರಲ್ಲಿ. ಇದೇ ಚಿನ್ನಸ್ವಾಮಿಯಲ್ಲಿ 2014ರ ಐಪಿಎಲ್ ಫೈನಲ್, ಕೋಲ್ಕತ್ತಾ ಪರವಾಗಿ 94 ಹೊಡೆದು ಕಪ್ ಗೆಲ್ಲಿಸಿಕೊಟ್ಟವನು. ಫೈನಲ್ ಅಂದರೆ ಇವನ ಕೈ ನಡುಗೋದಿಲ್ಲ. ಜೊತೆಗೆ ದೇವದತ್ತ ಪಡಿಕ್ಕಲ್ ಇದ್ದಾನೆ, ಒಂದು ತುದಿ ಹಿಡಿದು ನಿಲ್ಲೋಕೆ. ಹೊಡೆಯೋಕೆ ರೋಹನ್ ಪಾಟೀಲ್ ಇದ್ದೇ ಇದ್ದಾನೆ.

ಮ್ಯಾಚ್ ಎಲ್ಲಿ ತೀರ್ಮಾನ ಆಗುತ್ತೆ? ನನ್ನ ಪ್ರಕಾರ ಮೊದಲ ಆರು ಓವರ್‌ನಲ್ಲಿ. ಪವರ್‌ಪ್ಲೇ ಅಂತೀವಲ್ಲ, ಸರ್ಕಲ್ ಹೊರಗೆ ಇಬ್ಬರೇ ಫೀಲ್ಡರ್. ಚಿನ್ನಸ್ವಾಮಿ ಬೌಂಡರಿ ಚಿಕ್ಕದು, ಊರು ಎತ್ತರದಲ್ಲಿದೆ, ಚೆಂಡು ಹಗುರವಾಗಿ ಹಾರುತ್ತೆ. ಬೇರೆ ಕಡೆ ಕ್ಯಾಚ್ ಆಗೋದು ಇಲ್ಲಿ ಸಿಕ್ಸರ್. ಮಯಾಂಕ್-ಚೇತನ್ ಜೋಡಿ ಆರು ಓವರ್ ದಾಟಿತೋ, ಗುಲ್ಬರ್ಗಾ ಬೌಲರ್‌ಗಳಿಗೆ ಕಷ್ಟ. ಅಷ್ಟರೊಳಗೆ ಒಬ್ಬ ಹೋದನೋ, ಆಟ ಸಮ. ಆಮೇಲೆ ಇಪ್ಪತ್ತನೇ ಓವರ್‌ವರೆಗೂ ಪಾಂಡೆ ಕ್ರೀಸ್‌ನಲ್ಲಿದ್ದರೆ ತಕ್ಕಡಿ ನಮ್ಮ ಕಡೆ ವಾಲುತ್ತೆ. ಲೆಕ್ಕ ಹೇಳು ಅಂದರೆ ಬೆಂಗಳೂರು ಒಂದು ಕೂದಲೆಳೆ ಮುಂದೆ. ಮೊನ್ನೆ ಗೆದ್ದವರು, ಸ್ವಂತ ಅಂಗಳದಲ್ಲಿ ಆಡ್ತಿರೋರು.

ಸ್ವಂತ ಅಂಗಳ. ಈ ಮಾತಿಗೇ ನಾನು ಬರಬೇಕಿತ್ತು.

ಈ ಟೂರ್ನಿಯಲ್ಲಿ ಆರು ತಂಡ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗಾ. ಆಟ ನಡೆದ ಊರು ಎರಡೇ. ಮೊದಲು ಮೈಸೂರು, ಆಮೇಲೆ ಬೆಂಗಳೂರು. ಅಂದರೆ ಗುಲ್ಬರ್ಗಾ ತಂಡ ಫೈನಲ್‌ವರೆಗೂ ಬಂದಿದೆ, ಗುಲ್ಬರ್ಗಾದಲ್ಲಿ ಒಂದು ಚೆಂಡನ್ನೂ ಆಡದೆ! ನನ್ನ ಗೆಳೆಯ ತನ್ನ ತಂಡವನ್ನ ಕಣ್ಣಾರೆ ನೋಡಬೇಕು ಅಂದರೆ ಹತ್ತಿರ ಹತ್ತಿರ 600 ಕಿಲೋಮೀಟರ್ ಬರಬೇಕು. ಅಂಗಡಿ ಯಾರು ನೋಡ್ಕೋತಾರೆ? ಹಂಗಾಗಿ ಟಿವಿಯೇ ಗತಿ.

ನಾನು ಸಂಘಟಕರನ್ನ ಬರೀ ದೂರಲ್ಲ. ಹಳೇ ಕೆಪಿಎಲ್ 2019ರಲ್ಲಿ ಫಿಕ್ಸಿಂಗ್ ಹಗರಣದಲ್ಲಿ ಮುಳುಗಿ ನಿಂತುಹೋಗಿತ್ತು. ಆಟಗಾರರು ಅರೆಸ್ಟ್ ಆದರು. ಆಮೇಲೆ ಕೊರೊನಾ ಬಂತು. ಆ ಕೆಸರಿನಿಂದ ಎದ್ದು, ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಹೆಸರಲ್ಲಿ ಮತ್ತೆ ಆಟ ಶುರು ಮಾಡಿದ್ದಾರೆ. ಮೊದಲ ವರ್ಷ, ಕೈಯಲ್ಲಿರೋ ಮೈದಾನದಲ್ಲಿ ಆಡಿಸಿದ್ದಾರೆ. ಅದು ಅರ್ಥ ಆಗುತ್ತೆ. ನನ್ನ ಪ್ರಶ್ನೆ ಎರಡನೇ ವರ್ಷದ್ದು, ಮೂರನೇ ವರ್ಷದ್ದು.

ಈಗ ಆ ಗೆಳೆಯನ ಕಥೆ ಕೇಳಿ. ಚಿಕ್ಕಂದಿನಲ್ಲಿ ನಾವು ಒಂದೇ ಟೀಮ್. ಜೋಳ ಕೊಯ್ದ ಹೊಲವೇ ನಮ್ಮ ಮೈದಾನ. ಎರೆ ಮಣ್ಣು ನಿಮಗೆ ಗೊತ್ತಲ್ಲ, ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು, ಮಳೆ ಬಂದರೆ ಚಪ್ಪಲಿಯನ್ನೇ ಕಿತ್ತುಕೊಳ್ಳೋ ಕೆಸರು. ಅದರಲ್ಲಿ ಟೆನಿಸ್ ಬಾಲ್ ಹಿಡ್ಕೊಂಡು ಅವನು ಓಡಿ ಬಂದ ಅಂದರೆ ಬ್ಯಾಟ್ಸ್‌ಮನ್ ಹಿಂದೆ ಸರೀತಿದ್ದ. ಆಳಂದದಲ್ಲಿ ಟೂರ್ನಮೆಂಟ್ ಇರಲಿ, ಜೇವರ್ಗಿಯಲ್ಲಿ ಇರಲಿ, ಅವನನ್ನ ಕರೆದೊಯ್ಯೋಕೆ ಜಗಳ. ಗೆದ್ದರೆ ಒಂದು ಸ್ಟೀಲ್ ಕಪ್ಪು, ಮೇಲೆ ಊಟ.

ಹತ್ತೊಂಬತ್ತನೇ ವಯಸ್ಸಿಗೆ ಒಂದು ಕಡೆ ಆಯ್ಕೆ ನಡೀತದೆ ಅಂತ ಗೊತ್ತಾಯ್ತು. ಬೇರೆಯವರ ಬೂಟು ಹಾಕ್ಕೊಂಡು ಹೋದ. ನಾನೂ ಜೊತೆಗಿದ್ದೆ. ಅಲ್ಲಿ ಕೈಗೆ ಕೊಟ್ಟಿದ್ದು ಲೆದರ್ ಬಾಲ್. ಜೀವನದಲ್ಲಿ ಮೊದಲ ಸಲ ಹಿಡಿದಿದ್ದ. ಟೆನಿಸ್ ಬಾಲ್ ಹಗುರ, ನೆಲಕ್ಕೆ ಹೊಡೆದರೆ ಎದೆಗೇರುತ್ತೆ. ಲೆದರ್ ಬಾಲ್ ಹಂಗಲ್ಲ. ಅದಕ್ಕೆ ಹೊಲಿಗೆ ಇದೆ, ಭಾರ ಇದೆ, ಎಲ್ಲಿ ಬಿಡಬೇಕು ಅನ್ನೋ ಲೆಕ್ಕ ಇದೆ. ಅವನ ಆರು ಬಾಲ್‌ನಲ್ಲಿ ಎರಡು ವೈಡ್, ಮೂರು ಅರ್ಧ ಪಿಚ್‌ಗೇ ಬಿದ್ದವು. "ಮುಂದಿನವರು" ಅಂದರು. ಮುಗೀತು.

ಯಾರದ್ದು ತಪ್ಪು? ಆಯ್ಕೆ ಮಾಡೋರದ್ದಾ? ಅವರು ಕಂಡದ್ದನ್ನ ನೋಡಿದರು. ಅವನದ್ದಾ? ಹಿಡಿಯದ ಚೆಂಡನ್ನ ಹೇಗೆ ಎಸೀತಾನೆ? ವಾಪಸ್ ಬರೋವಾಗ ಬಸ್ಸಿನಲ್ಲಿ ಅವನು ಒಂದೇ ಮಾತು ಹೇಳಿದ. "ಇನ್ನೊಂದ್ ಎಂಟು ದಿನ ಆ ಬಾಲ್ ನನ್ನ ಕೈಯಾಗ ಇರಬೇಕಾಗಿತ್ತು ದೋಸ್ತ."

ಈಗ ಇವತ್ತಿನ ನಾಯಕರ ಕಥೆ ನೋಡಿ. ಪಡಿಕ್ಕಲ್ ಹುಟ್ಟಿದ್ದು ಕೇರಳದಲ್ಲಿ, ಇದ್ದದ್ದು ಹೈದರಾಬಾದಿನಲ್ಲಿ. 2011ರಲ್ಲಿ ಕುಟುಂಬ ಬೆಂಗಳೂರಿಗೆ ಬಂತು, ಮಗ ಕ್ರಿಕೆಟ್ ಕಲೀಲಿ ಅಂತ. ಮನೀಷ್ ಹುಟ್ಟಿದ್ದು ನೈನಿತಾಲ್‌ನಲ್ಲಿ, ಬೆಳೆದು ಆಟ ಪಕ್ವ ಆಗಿದ್ದು ಬೆಂಗಳೂರಿನಲ್ಲಿ. ಇದನ್ನ ಆಕ್ಷೇಪಣೆಗೆ ಹೇಳ್ತಿಲ್ಲ. ಎಲ್ಲಿಂದಲೋ ಬಂದ ಹುಡುಗರು ನಮ್ಮ ಊರಿನ ಹೆಸರು ಎದೆ ಮೇಲೆ ಹಾಕ್ಕೊಂಡು ಬೆವರು ಸುರಿಸ್ತಿದ್ದಾರೆ, ಅವರಿಗೆ ನನ್ನ ನಮಸ್ಕಾರ. ನಾನು ಕೇಳ್ತಿರೋದು ಇಷ್ಟೇ. ಮಗನ ಆಟಕ್ಕಾಗಿ ಊರು ಬದಲಾಯಿಸೋ ಶಕ್ತಿ ಎಲ್ಲ ಮನೆಗೂ ಇರುತ್ತಾ? ಜೇವರ್ಗಿ ಕಡೆ ಮೂರು ಎಕರೆ ತೊಗರಿ ನಂಬಿಕೊಂಡ ಅಪ್ಪ ಊರು ಬಿಟ್ಟರೆ ಕೂಲಿಗೆ ಬಿಡ್ತಾನೆ, ಕ್ರಿಕೆಟ್‌ಗಲ್ಲ.

ಕಷ್ಟಪಟ್ಟರೆ ದಾರಿ ಇದೆ ಅಂತ ನೀವು ಹೇಳಬಹುದು. ಇದೆ. ಗದಗಿನ ಸುನಿಲ್ ಜೋಶಿ ದಿನಾ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಗದಗಕ್ಕೆ ಬರ್ತಿದ್ದ. ಅದೇ ಹುಡುಗ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು ಹತ್ತು ಓವರ್‌ನಲ್ಲಿ ಆರೇ ಆರು ರನ್ ಕೊಟ್ಟು ಐದು ವಿಕೆಟ್ ಕಿತ್ತ. ಅಂಥ ಹಟ ನಮ್ಮ ಹುಡುಗರಲ್ಲೂ ಇದೆ ಸ್ವಾಮಿ. ಆದರೆ ಬೆಳಗಿನ ಬಸ್ ಇಳಿದಾಗ ಜೋಶಿಗೆ ಹುಬ್ಬಳ್ಳಿಯಲ್ಲಿ ನೆಟ್ಸ್ ಇತ್ತು. ನನ್ನ ಗೆಳೆಯನಿಗೆ ಯಾವ ಬಸ್ ಹತ್ತಬೇಕು ಅಂತಲೂ ಹೇಳೋರಿರಲಿಲ್ಲ.

ನಮ್ಮ ಭಾಗಕ್ಕೆ 371(ಜೆ) ಬಂತು. ಓದಿನಲ್ಲಿ, ಕೆಲಸದಲ್ಲಿ ಸ್ಥಳೀಯರಿಗೆ ಮೀಸಲು ಬಂತು, ಒಳ್ಳೇದಾಯ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯ್ತು. ಅದೇ ವರ್ಷ ಕಲಬುರಗಿಗೆ ವಿಮಾನ ಬಂತು. ಜೇವರ್ಗಿ ಈ ರಾಜ್ಯಕ್ಕೆ ಧರ್ಮಸಿಂಗ್ ಅವರಂಥ ಮುಖ್ಯಮಂತ್ರಿಯನ್ನೇ ಕೊಟ್ಟ ತಾಲ್ಲೂಕು. ಇಷ್ಟೆಲ್ಲ ಆದ ಮೇಲೆ ನಾನು ಕೇಳೋದು ದೊಡ್ಡದಾ? ಆಳಂದಕ್ಕೊಂದು, ಅಫಜಲಪುರಕ್ಕೊಂದು, ಜೇವರ್ಗಿಗೊಂದು ಸಿಮೆಂಟ್ ಪಿಚ್, ಮೇಲೆ ಮ್ಯಾಟ್, ಸುತ್ತ ನೆಟ್. ವಾರಕ್ಕೆ ಎರಡು ದಿನ ಬಂದು ಹೇಳಿಕೊಡೋ ಒಬ್ಬ ಕೋಚ್. ಒಂದು ಡಬ್ಬ ಲೆದರ್ ಬಾಲ್. ಮತ್ತು ಗುಲ್ಬರ್ಗಾ ಹೆಸರಿನ ತಂಡ ವರ್ಷಕ್ಕೆ ಒಂದಾದರೂ ಮ್ಯಾಚ್ ಕಲಬುರಗಿಯಲ್ಲಿ ಆಡಲಿ. ಆ ದಿನ ಮೂರೂ ತಾಲ್ಲೂಕಿನ ಹುಡುಗರು ಬೇಲಿ ಹಿಡ್ಕೊಂಡು ನಿಂತು, ಲೆದರ್ ಬಾಲ್ ಹೇಗೆ ಪುಟಿಯುತ್ತೆ ಅಂತ ಕಣ್ಣಲ್ಲಿ ನೋಡಲಿ. ಶಾಸಕರಿಗೂ ಹೇಳ್ತಿದ್ದೀನಿ, ಕ್ರಿಕೆಟ್ ಸಂಸ್ಥೆಗೂ ಹೇಳ್ತಿದ್ದೀನಿ. ಗಣಪತಿ ಹಬ್ಬಕ್ಕೆ ನೀವು ಕಟ್ಟಿಸೋ ಫ್ಲೆಕ್ಸ್ ಖರ್ಚಿನಲ್ಲೇ ಬಾಲ್ ಡಬ್ಬ ಬರುತ್ತೆ.

ಇವತ್ತು ಗುಲ್ಬರ್ಗಾ ಗೆದ್ದರೆ ರಾತ್ರಿ ಸೂಪರ್ ಮಾರ್ಕೆಟ್‌ನಲ್ಲಿ ಪಟಾಕಿ ಹೊಡೀರಿ, ಖುಷಿ ಪಡಿ. ಸೋತರೆ ಬೈಬೇಡಿ, ಎದುರಿಗಿರೋದು ಸಣ್ಣ ತಂಡ ಅಲ್ಲ. ಆದರೆ ಗೆದ್ದರೂ ಸೋತರೂ ನಾಳೆ ಬೆಳಿಗ್ಗೆ ಒಂದು ಪ್ರಶ್ನೆ ಕೇಳಿ: ನಮ್ಮ ಹೆಸರು ಬಳಸಿಕೊಂಡ್ರಲ್ಲ, ನಮ್ಮ ಹುಡುಗರು ಯಾವಾಗ?

ಬೆಳಿಗ್ಗೆ ಫೋನ್ ಇಡೋ ಮುಂಚೆ ಗೆಳೆಯನಿಗೆ ಹೇಳಿದೆ, ಬೆಂಗಳೂರು ಸ್ವಲ್ಪ ಜೋರಿದೆಯೋ ಅಂತ. ಅವನು ನಕ್ಕ. "ಇರಲಿ ಬಿಡೋ. ನನ್ನ ಮಗ ಈಗ ಹನ್ನೆರಡು ವರ್ಷದಾಂವ. ಅಂಗಡಿ ಮುಂದ ನಿಂತು ಬೌಲಿಂಗ್ ಮಾಡ್ಲತಾನ. ಅವನಿಗಿ ತೋರಸ್ಲಿಕ್ಕಾದ್ರೂ ನೋಡ್ತೀನಿ." ಯಾವ ಬಾಲ್‌ನಲ್ಲಿ ಮಾಡ್ತಾನೆ ಅಂತ ಕೇಳಿದೆ.

"ಟೆನಿಸ್ ಬಾಲೇ," ಅಂದ. "ಮತ್ತೇನ್ ಅದ ಇಲ್ಲಿ?"

ಮ್ಯಾಚ್ ನೋಡಿ.